ಚರ್ಚಿನ ಹುಲ್ಲುಹಾಸು

ಕ್ಯಾನ್ಸಾಸ್‌ನ ಆ ಚಿಕ್ಕ ಊರಿನಲ್ಲಿ ಚರ್ಚಿನ ಹುಲ್ಲುಹಾಸನ್ನು ಹತ್ತೊಂಬತ್ತು ವರ್ಷ ನೋಡಿಕೊಂಡವಳು ವರ್ನಾ. ಈ ಜುಲೈಯ ಉರಿಬಿಸಿಲಿನಲ್ಲಿ, ಯಾರದೋ ಮದುವೆಗೆ ಚೆಂದ ಕಾಣಲೆಂದು, ಅದನ್ನು ತೀರಾ ಗಿಡ್ಡ ಕತ್ತರಿಸಿಬಿಟ್ಟಳು. ವಾರದೊಳಗೆ ಎಲ್ಲವೂ ಕಂದಿ ಒಣಗಿತು. ಕೈಯಾರೆ ಕೊಂದೆನೇನೋ ಎಂಬ ಭಯಕ್ಕೆ ಅವಳಿಗೆ ಊಟ ಸೇರಲಿಲ್ಲ.

"ಒಂದು ಹಿಡಿ ಎಳೆದು ನೋಡು ವರ್ನಾ. ಸತ್ತಿದ್ರೆ ಬೇರು ಸಮೇತ ಬರುತ್ತೆ," ಎಂದ ಪಕ್ಕದ ಮನೆಯ ಮುದುಕ ಆರ್ಲಿನ್.

"ನೀನೇ ಎಳಿ."

"ಕತ್ತರಿಸೋವಾಗ ನನ್ನ ಕರೆದಿದ್ಯಾ?"

ಅವಳು ಮಂಡಿಯೂರಿ, ಕಣ್ಣು ಮುಚ್ಚಿ ಎಳೆದಳು. ಒಣ ಎಸಳುಗಳು ಕೈಗೆ ಬಂದವು. ಬುಡ ಮಾತ್ರ ಅಲ್ಲಾಡಲಿಲ್ಲ.

"ಸತ್ತಿಲ್ಲ, ಬಿಸಿಲಿಗೆ ಮಲಗಿದೆ ಅಷ್ಟೇ," ಎಂದ ಆರ್ಲಿನ್. "ಬೆಳಗಿನ ಜಾವ ಬೇರಿಗಿಳಿಯೋ ಹಾಗೆ ನೀರು ಬಿಡು. ಮಳೆ ಬರೋತನಕ ಕತ್ತರಿಸೋ ಯಂತ್ರ ಮುಟ್ಟಬೇಡ."

ಒಂದೇ ಹಿಡಿಯಿಂದ ವರ್ನಾಗೆ ನಂಬಿಕೆ ಬರಲಿಲ್ಲ. ಮಂಡಿಯಲ್ಲೇ ಸರಿದು ಮುಂದಿನ ಹಿಡಿ ಹಿಡಿದಳು.