ಅಕ್ಕನ ಸೈಕಲ್ಲಿಗೆ ಚುಚ್ಚಿದ ಜಾಲಿ ಮುಳ್ಳು

ನಾನು ಚಿಕ್ಕಾಕಿ ಇದ್ದಾಗ ಕಂಡರೆ ಮೈ ಉರಿಯುತ್ತಿದ್ದ ವಸ್ತು ಒಂದೇ, ನಮ್ಮ ಅಕ್ಕನ ಸೈಕಲ್ಲು. ಅಕ್ಕ ಸಿರುಗುಪ್ಪದ ಹೈಸ್ಕೂಲಿಗೆ ಹೋಗುತ್ತಿದ್ದಳು. ನಮ್ಮ ಊರಿಂದ ಕಾಲುವೆ ದಂಡೆ ಹಿಡಿದು ನಾಲ್ಕು ಮೈಲಿ. ಅದಕ್ಕೇ ಅಪ್ಪ ಒಂದು ಹಳೇ ಸೈಕಲ್ ತಂದುಕೊಟ್ಟಿದ್ದ. ನನ್ನನ್ನು ಮೂರನೇ ಕ್ಲಾಸಿಗೇ ಸಾಲಿ ಬಿಡಿಸಿ ಎಮ್ಮೆ ಕಾಯಾಕ ಹಚ್ಚಿದ್ದ. ಎಮ್ಮೆಗೂ ಗಂಟೆ ಇತ್ತು, ಸೈಕಲ್ಲಿಗೂ ಗಂಟೆ ಇತ್ತು. ಎರಡೂ ಒಂದೇ ಏನು?

ಅಮಾವಾಸ್ಯೆ ದಿನ ಅಪ್ಪ ಎತ್ತು ಹೂಡುತ್ತಿರಲಿಲ್ಲ. ಅವತ್ತು ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿ ಅಕ್ಕನಿಗೆ ರಿಪೇರಿ ಕಲಿಸುತ್ತಿದ್ದ. ಬಂಡಿಗೆ ಹಾಕುವ ಔಡಲೆಣ್ಣೆಯನ್ನೇ ಚೈನಿಗೂ ಬಿಡುತ್ತಿದ್ದ. ಟ್ಯೂಬು ಹೊರಗೆ ತೆಗೆದ ಮೇಲೆ ಟೈರಿನ ಒಳಗೆ ಸುತ್ತ ಬೆರಳು ಆಡಿಸಬೇಕು, ಮುಳ್ಳು ಅಲ್ಲೇ ಉಳಿದಿದ್ದರೆ ಮತ್ತೆ ಚುಚ್ಚತೈತಿ ಅಂತ ಹೇಳಿಕೊಡುತ್ತಿದ್ದ. ನಾನು ಕೈ ಚಾಚಿದರೆ, "ಏ, ದೂರ ನಿಂದ್ರು. ನೀ ಏನು ಸಾಲಿಗೆ ಹೋಗಾಕೇನು?" ಅನ್ನುತ್ತಿದ್ದ. ದೂರ ನಿಂತು ಎಲ್ಲಾ ನೋಡಿದೆ. ನೋಡಿದಷ್ಟೂ ಹೊಟ್ಟೆ ಉರೀತು.

ಒಂದು ದಿನ ಬೆಳಿಗ್ಗೆ ಎದ್ದವಳೇ ಬೇಲಿಯಿಂದ ಒಂದು ಉದ್ದನೆ ಜಾಲಿ ಮುಳ್ಳು ಕಿತ್ತು ತಂದೆ. ಹಿಂದಿನ ಗಾಲಿಗೆ ಚುಚ್ಚಿದೆ. ಅಡಿಯ ರಬ್ಬರು ದಪ್ಪ, ಮುಳ್ಳು ಮುರೀತು. ಇನ್ನೊಂದು ತಂದು ಪಕ್ಕದಲ್ಲಿ, ತೆಳ್ಳಗಿದ್ದ ಕಡೆ ಚುಚ್ಚಿದೆ. ಸುಸ್ ಅಂತು. ಕಿವಿಗೆ ಹಿತ ಆಯಿತು. ಅವತ್ತು ಅಕ್ಕನ ವರ್ಷದ ಪರೀಕ್ಷೆ. ನನಗೆ ಗೊತ್ತಿರಲಿಲ್ಲ ಅಂತ ಸುಳ್ಳು ಹೇಳೋದಿಲ್ಲ. ಗೊತ್ತಿತ್ತು.

ಅಪ್ಪ ಆಗಲೇ ಗದ್ದೆಗೆ ಹೋಗಿದ್ದ. ಅಕ್ಕ ಗಾಳಿ ಇಲ್ಲದ ಗಾಲಿ ನೋಡಿದಳು. ಅಳುತ್ತಾಳೆ ಅಂತ ಬಾಗಿಲ ಹಿಂದೆ ಕಾದು ನಿಂತಿದ್ದೆ. ಅಳಲಿಲ್ಲ. ಸೈಕಲ್ ಬೋರಲು ಹಾಕಿ, ಟ್ಯೂಬು ಎಳೆದು, ಟೈರಿನ ಒಳಗೆ ಬೆರಳು ಆಡಿಸಿದಳು. ಬೆರಳು ಒಂದು ಕಡೆ ನಿಂತಿತು. ಮುಳ್ಳು ಕಿತ್ತು ಕೈಯಲ್ಲಿ ಹಿಡಿದಳು.

"ದಾರಿ ಮುಳ್ಳು ಕೆಳಗಿಂದ ನೆಡತೈತಿ. ಇದು ಪಕ್ಕಕ್ಕ ನೆಟ್ಟೈತಿ. ಮುಳ್ಳಿಗೆ ಕೈ ಬಂದಾವೇನೇ?"

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ.

"ಅಪ್ಪಗ ಹೇಳ್ಲೋ, ನೀನ ಮುಚ್ತೀಯೋ?"

ಟ್ಯೂಬು ನನ್ನ ಮುಂದೆ ಒಗೆದು, ಜಡೆ ಹೆಣೆದುಕೊಳ್ಳುತ್ತಾ ಪಾಠ ಬಾಯಿಪಾಠ ಮಾಡತೊಡಗಿದಳು. ನಾನು ಬೋಗಾಣಿ ನೀರಲ್ಲಿ ಟ್ಯೂಬು ಮುಳುಗಿಸಿದೆ, ಗುಳ್ಳೆ ಎದ್ದ ಕಡೆ ಉಗುರಿಂದ ಗುರುತು ಮಾಡಿದೆ. ಒರೆಸಿ, ಉಪ್ಪುಕಾಗದದಿಂದ ತಿಕ್ಕಿ, ಸೊಲ್ಯೂಷನ್ ಬಳಿದು, ತಕ್ಷಣ ಪ್ಯಾಚು ಒತ್ತಿದೆ. ಪಂಪು ಹೊಡೆದರೆ ಪ್ಯಾಚು ಜಾರಿ ಕೆಳಗೆ ಬಿತ್ತು.

ಅಕ್ಕ ನಕ್ಕಳು. "ಹಸಿ ಇದ್ದಾಗ ಹಚ್ಚಿದರ ಹೆಂಗ ಹಿಡಿತೈತಿ? ಒಣಗಬೇಕು. ಹೊಟ್ಟಿಕಿಚ್ಚಿನಾಕಿಗೆ ತಡಕೊಳ್ಳಾಕ ಬರಂಗಿಲ್ಲ ನೋಡು."

ಮತ್ತೆ ಬಳಿದೆ. ಬೆರಳಿಗೆ ಅಂಟದಷ್ಟು ಒಣಗುವ ತನಕ ಕೂತೆ. ಬಿಸಿಲು ಕಟ್ಟೆ ಏರಿತು. ಅಕ್ಕನ ಬಾಯಿಪಾಠ ನಿಂತೇ ಹೋಯಿತು, ಅವಳೂ ಟ್ಯೂಬನ್ನೇ ನೋಡುತ್ತಾ ಕೂತಳು. ಆಗ ನನಗೆ ಹೆದರಿಕೆ ಆಯಿತು. ಈ ಸಲ ಪ್ಯಾಚು ಹಿಡೀತು. ಟ್ಯೂಬು ಟೈರಿನೊಳಗೆ ಸೇರಿಸಿ, ರಟ್ಟೆ ಬಿದ್ದು ಹೋಗುವಂಗೆ ಪಂಪು ಹೊಡೆದೆ. ಅಕ್ಕ ಹತ್ತಿ, ನಿಂತುಕೊಂಡೇ ತುಳಿಯುತ್ತಾ ಹೋದಳು. ತಿರುಗಿ ನೋಡಲಿಲ್ಲ.

ಸಂಜೆ ಬಂದು, "ಹತ್ತು ನಿಮಿಷ ತಡ ಆತು. ಒಳಗ ಬಿಟ್ರು," ಅಂದಳು. ಅಪ್ಪನಿಗೆ ಹೇಳಲಿಲ್ಲ. ಆದರೆ ಆವತ್ತಿಂದ ಪಂಕ್ಚರ್ ಎಲ್ಲಾ ನನ್ನ ಪಾಲಿಗೇ ಬಂತು. ಸೈಕಲ್ ತುಳಿಯಾಕ ಮಾತ್ರ ಒಂದು ದಿನವೂ ಕೊಡಲಿಲ್ಲ. ರಿಪೇರಿ ಕಲಿತೆ. ತುಳಿಯೋದು ಇವತ್ತಿಗೂ ಬರೋದಿಲ್ಲ.

ಈಗ ಬಳ್ಳಾರಿಯಲ್ಲಿ ಮೊಮ್ಮಕ್ಕಳಾದ ನಿಮಗೆ ಇಬ್ಬರಿಗೂ ಒಂದೊಂದು ಸೈಕಲ್, ಅದೂ ಗೇರು ಇರೋವು. ಗಾಳಿ ಹೋದರೆ ಗೋಡೆಗೆ ಒರಗಿಸಿ ಆಟೋ ಹತ್ತುತ್ತೀರಿ. ಮೊನ್ನೆ ಎರಡಕ್ಕೂ ನಾನೇ ಪ್ಯಾಚು ಹಾಕಿದೆ. "ಥ್ಯಾಂಕ್ಸ್ ಅಜ್ಜಿ" ಅಂತ ಹಾರಿ ಹತ್ತಿ ಹೋದಿರಿ, ತಿರುಗಿ ನೋಡಲಿಲ್ಲ. ನಾನು ಕಪ್ಪು ಕೈ ಹಿಡಿದು ಗೇಟಿನಲ್ಲಿ ನಿಂತೆ. ವಯಸ್ಸಾಯಿತು, ಹೊಟ್ಟೆಕಿಚ್ಚು ಆರಿಲ್ಲ. ಅದಕ್ಕೇ ಹೇಳತೀನಿ, ಬರೋ ಅಮಾವಾಸ್ಯೆಗೆ ಬೋಗಾಣಿ, ಪಂಪು ಇಟ್ಟುಕೊಂಡು ಕೂತಿರತೀನಿ, ಬಂದು ಕಲೀರಿ. ಬರಲಿಲ್ಲ ಅಂದರೆ, ಟೈರಿನ ಪಕ್ಕದಲ್ಲಿ ಮುಳ್ಳು ಸಿಕ್ಕಾಗ ಯಾರು ಚುಚ್ಚಿದರು ಅಂತ ಕೇಳಬ್ಯಾಡ್ರಿ.