ಕಾಲು ಬೇಡುವ ಬಾವಿ

ಗೊಲ್ಲಾಳಮ್ಮ ಸೋಸದ ನೀರನ್ನು ಜೀವಮಾನದಲ್ಲಿ ಒಂದೇ ಸಲ ಕುಡಿದದ್ದು. ಆ ನೀರು ಆಕೆಯ ಮೈಯಿಂದ ಹೊರಗೆ ಬರಲು ಹದಿಮೂರು ತಿಂಗಳು ಹಿಡಿಯಿತು. ಇದನ್ನು ಆಕೆ ನನಗೆ ಒಂದೇ ದಿನ ಕೂತು ಹೇಳಲಿಲ್ಲ. ಜೋಳ ಹಸನು ಮಾಡುವಾಗ ಒಂದಿಷ್ಟು, ದೀಪಕ್ಕೆ ಬತ್ತಿ ಹೊಸೆಯುವಾಗ ಒಂದಿಷ್ಟು ಹೇಳಿದಳು. ಕೇಳಿದ್ದನ್ನು ಸಾಲಾಗಿ ಇಟ್ಟಿದ್ದೇನೆ, ಅಷ್ಟೇ.

ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸು ಕಾಲುವೆಯ ಸೇತುವೆ ದಾಟಿ ಒಂದು ಬೇವಿನ ಮರದ ಬಳಿ ನಿಲ್ಲುತ್ತದೆ. ಅಲ್ಲಿಂದ ಮೈಲಿ ದೂರ ನಮ್ಮೂರು. ಊರಿಗೆಲ್ಲ ಆಗ ಒಂದೇ ಕುಡಿಯುವ ನೀರು, ಮೂಡಲ ದಿಕ್ಕಿನ ಮೆಟ್ಟಿಲ ಬಾವಿ. ಇಪ್ಪತ್ತೆರಡು ಮೆಟ್ಟಿಲು. ಹದಿನೈದನೆಯ ಮೆಟ್ಟಿಲಿನ ಪಕ್ಕದ ಗೂಡಿನಲ್ಲಿ ಮೊಳದೆತ್ತರದ ಕರಿಕಲ್ಲಿನ ಬಾವೆಮ್ಮ. ಆಕೆಗೆ ಕೈಗಳಿಲ್ಲ. ಅಗಲವಾದ ಎರಡು ಕಣ್ಣು, ಜೋಡಿಸಿಟ್ಟ ಎರಡು ಪಾದ, ಇಷ್ಟೇ ಕೆತ್ತಿದ್ದರು.

ಕಾಲುವೆ ಬರುವ ಮೊದಲು ಬೇಸಿಗೆಯಲ್ಲಿ ನೀರು ಬಾವೆಮ್ಮನಿಗಿಂತ ಎಷ್ಟೋ ಕೆಳಗೆ ಇಳಿಯುತ್ತಿತ್ತು. ಕಾಲುವೆ ಬಂದ ಎರಡನೆಯ ವರ್ಷ ಗದ್ದೆಗಳ ನೀರು ನೆಲದೊಳಗೆ ಬಸಿದು ಬಾವಿ ತುಂಬತೊಡಗಿತು. ಮಳೆ ಇಲ್ಲ, ಮೋಡ ಇಲ್ಲ, ನೀರು ಮಾತ್ರ ಸದ್ದಿಲ್ಲದೆ ಒಂದೊಂದೇ ಮೆಟ್ಟಿಲು ಹತ್ತಿ ಬಂತು. ಒಂದು ಬೆಳಗ್ಗೆ ನೋಡಿದರೆ ಬಾವೆಮ್ಮ ಪೂರ್ತಿ ಮುಳುಗಿದ್ದಳು. ನೀರಿನಡಿಯಿಂದ ಆ ಎರಡು ಕಣ್ಣು ಮೇಲೆ ನೋಡುತ್ತಿದ್ದವು.

ಬೇಸಿಗೆ ಬಂದರೆ ಊರಿನಲ್ಲಿ ನಾರುಹುಣ್ಣು ಏಳುತ್ತಿತ್ತು. ಕಾಲಿನ ಮೇಲೆ ಒಂದು ಬೊಬ್ಬೆ, ಕೆಂಡ ಇಟ್ಟಂಥ ಉರಿ. ಬೊಬ್ಬೆ ಒಡೆದರೆ ಒಳಗಿನಿಂದ ಬಿಳಿ ನೂಲಿನಂಥ ಹುಳದ ತುದಿ ಇಣುಕುತ್ತಿತ್ತು. ಜೋರಾಗಿ ಎಳೆದರೆ ಹರಿದು ಕಾಲು ಕೀವು ಕಟ್ಟುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಎರಡು ಬೆರಳಷ್ಟು ಹೊರಗೆ ತೆಗೆಯಬೇಕು. ತಿಂಗಳು ಹಿಡಿದರೂ ಹಿಡಿಯಿತು. ಉರಿ ತಾಳದವರು ಮಂಗಳವಾರ ನಸುಕಿನಲ್ಲಿ ಬಾವಿಗಿಳಿದು ಬಾವೆಮ್ಮನ ಮುಂದೆ ನೀರಿನಲ್ಲಿ ಕಾಲಿಟ್ಟು ನಿಲ್ಲುತ್ತಿದ್ದರು. ಅದಕ್ಕೆ ಕಾಲು ಒಪ್ಪಿಸುವುದು ಎನ್ನುತ್ತಿದ್ದರು. ಮಾತಾಡಬಾರದು ಎಂಬುದು ಕಟ್ಟಳೆ. ಹತ್ತು ಹನ್ನೆರಡು ಜನ ಸಾಲಾಗಿ ನಿಂತಿರುತ್ತಿದ್ದರು. ನೀರು ತಾಗಿದ್ದೇ ತಡ ಪ್ರತಿಯೊಂದು ಕಾಲಿನಿಂದಲೂ ಹಾಲಿನಂಥದೊಂದು ಎಳೆ ಹೊರಟು ನೀರಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಅವ್ವ ಹಾಲು ಕುಡಿದಳು ಎಂದು ಪೂಜಾರಿ ಹಂಪಣ್ಣ ಕೈಮುಗಿಯುತ್ತಿದ್ದ. ಅದೇ ನೀರನ್ನು ಹೊತ್ತೇರಿದ ಮೇಲೆ ಹೆಂಗಸರು ಕೊಡಕ್ಕೆ ತುಂಬಿಕೊಳ್ಳುತ್ತಿದ್ದರು.

ಗೊಲ್ಲಾಳಮ್ಮನ ಮನೆಯಲ್ಲಿ ಮಾತ್ರ ಯಾರಿಗೂ ನಾರು ಬಂದಿರಲಿಲ್ಲ. ಎರಡೆಕರೆ ಹೊಲದ ಮನೆತನ. ಗಂಡ ಇಲ್ಲ, ಮಗ ಮಲ್ಲಣ್ಣ, ಸೊಸೆ ಭೀಮಾಬಾಯಿ. ಲಿಂಗಕ್ಕೆ ಎರೆಯುವ ನೀರನ್ನು ಎರಡು ಪದರ ಅರಿವೆಯಲ್ಲಿ ಸೋಸುವುದು ಆ ಮನೆಯ ಹಿಂದಿನಿಂದ ಬಂದ ನೇಮ. ದೇವರಿಗೊಂದು ನೀರು ನಮಗೊಂದು ನೀರು ಯಾಕೆ ಎಂದು ಗೊಲ್ಲಾಳಮ್ಮ ಇಡೀ ಮನೆಯ ನೀರನ್ನೇ ಸೋಸುತ್ತಿದ್ದಳು. ಊರು ಅದನ್ನು ಬೇರೆ ತರಹ ನೋಡಿತು. "ಆಕಿ ಬಾವೆಮ್ಮನ ಜೋಡಿ ಏನೋ ಮಾತು ಮಾಡ್ಕೊಂಡಾಳ. ತನ್ನ ಮನಿ ಬಿಟ್ಟು ಬ್ಯಾರೇರ ಮನಿ ತೋರಸ್ತಾಳ" ಎಂಬ ಮಾತು ಆಕೆಯ ಕಿವಿಗೂ ಬಿದ್ದಿತ್ತು.

ಆ ವರ್ಷ ಫಾಲ್ಗುಣದಲ್ಲಿ ಬೇಸಿಗೆ ಭತ್ತದ ಕಳೆ ತೆಗೆಯುವಾಗ ಗೊಲ್ಲಾಳಮ್ಮ ಬಿಸಿಲಿಗೆ ತಲೆ ಸುತ್ತಿ ಬಿದ್ದಳು. ಪಕ್ಕದ ಸಾಲಿನಲ್ಲಿದ್ದ ಕೂಲಿಯ ಲಾಲಮ್ಮ ತನ್ನ ಗಡಿಗೆಯ ನೀರನ್ನು ಬಾಯಿಗೆ ಹಾಕಿದಳು. ಕೆಳಗಿನ ಕೇರಿಯ ಲಾಲಮ್ಮ ಬಾವಿಗೆ ಇಳಿಯುವಂತಿರಲಿಲ್ಲ. ಬಾವಿಯ ದಂಡೆಯ ಚಪ್ಪಡಿಯ ಮೇಲೆ ಗಡಿಗೆ ಇಟ್ಟು ಯಾರಾದರೂ ಹಾಕಲಿ ಎಂದು ಕಾಯುವವಳು. ಗೊಲ್ಲಾಳಮ್ಮನಿಗೆ ಎಚ್ಚರಾದಾಗ ಲಾಲಮ್ಮನೇ ಹೆದರಿದ್ದಳು. "ಅವ್ವಾರ, ತಪ್ಪು ತಿಳೀಬ್ಯಾಡ್ರಿ, ಜೀವ ಹೋಗ್ತದಂತ ಹಾಕಿದೆ." ಗೊಲ್ಲಾಳಮ್ಮ, "ಸುಮ್ನಿರು, ಇನ್ನೊಂದು ಗುಟುಕು ಹಾಕು" ಎಂದಳು. ಆ ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡರು ಇಬ್ಬರೂ.

ಯುಗಾದಿಯಾದ ಮೇಲೆ ದವಾಖಾನೆಯ ಸಾಬಣ್ಣ ಸೈಕಲ್ಲಿನ ಮೇಲೆ ಬಿಳಿ ಅರಿವೆಯ ಗಂಟು ಹೇರಿಕೊಂಡು ಬಂದ. ಗಾಜಿನ ಲೋಟದಲ್ಲಿ ಬಾವಿಯ ನೀರು ತುಂಬಿ ಬಿಸಿಲಿಗೆ ಹಿಡಿದ. ನೀರಿನಲ್ಲಿ ಧೂಳಿನಷ್ಟು ಸಣ್ಣ ಹುಳಗಳು ಜಿಗಿಯುತ್ತಿದ್ದವು.

"ನೀವು ಅವ್ವಗ ಹಾಲು ಅಂತೀರಲ್ಲ, ಅದು ನಾರಿನ ಮರಿ. ಈ ಹುಳ ಅದನ್ನ ತಿಂತಾವ. ಹುಳಾನ ನೀವು ಕುಡೀತೀರಿ. ಹೋದ ವರ್ಷ ಕುಡದದ್ದು ಈ ವರ್ಷ ಕಾಲಾಗ ಬರ್ತದ. ಈಗ ಯಾರ ಹೊಟ್ಟ್ಯಾಗ ಅದನೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಗೊಲ್ಲಾಳಮ್ಮ ತನ್ನ ಕಾಲು ನೋಡಿಕೊಂಡಳು.

"ಇದು ನಮ್ಮೂರಿಂದಷ್ಟ ಬೇಮಾರಿ ಅಲ್ಲ" ಎಂದ ಸಾಬಣ್ಣ. "ಆಫ್ರಿಕಾ ಅಂತ ದೇಶಗೋಳು ಅವ, ಅಲ್ಲೂ ಹಿಂಗ. ಎಲ್ಲಾ ಕಡೆ ಕೂಡೇ ಇದನ್ನ ಮುಗಸಾಕತ್ತಾರ. ಅದಕ್ಕ ಗುಳಿಗಿ ಇಲ್ಲ, ಸೂಜಿ ಇಲ್ಲ. ನೀರು ಸೋಸ್ರಿ, ನಾರಿನ ಕಾಲು ನೀರಾಗ ಇಡಬ್ಯಾಡ್ರಿ. ಒಂದು ವರ್ಷ ಒಂದು ಕಾಲೂ ಇಳೀಲಿಲ್ಲಂದ್ರ ಸಾಯ್ತದ."

ಹಂಪಣ್ಣ ನಕ್ಕ. "ಅವ್ವ ಇಷ್ಟು ವರ್ಷ ಕೆಳಗ ಕುಂತಿದ್ಲು. ಈಗ ನೀರು ತಗೊಂಡು ತಾನೇ ಮ್ಯಾಲ ಬಂದಾಳ. ಯಾಕ? ಕಾಲು ಬೇಡಾಕತ್ತಾಳ. ಕೊಡಬ್ಯಾಡಂತೀಯಲ್ಲ, ಆಕಿ ಬಂದು ತಗೊಂಡ್ರ ನೀ ಸೈಕಲ್ ಹತ್ತಿ ಓಡ್ತಿ. ನಾವೆಲ್ಲಿ ಓಡಬೇಕು?"

ಗೊಲ್ಲಾಳಮ್ಮನೇ ಎದ್ದು, "ಅರಿವಿ ನಾ ಹಿಡೀತೀನಿ. ದಿನಾ ಮುಂಜಾನಿ ಬಾವಿ ಬಾಯಾಗ ಕುಂಡ್ರತೀನಿ. ಎಲ್ಲರ ಕೊಡಕ್ಕೂ ಸೋಸಿ ಹಾಕ್ತೀನಿ" ಎಂದಳು.

ಹಿರಿಯರು ಒಪ್ಪಿದರು, ಆದರೆ ಹಂಪಣ್ಣ ಒಂದು ಷರತ್ತಿನ ಗಂಟು ಹಾಕಿದ. "ಒಂದು ವರ್ಷ. ಬರೋ ಯುಗಾದಿ ದಾಟಿದ ಮ್ಯಾಲ ಊರಾಗ ಒಬ್ಬರಿಗೆ ನಾರು ಎದ್ರೂ ಆಕಿ ಅರಿವಿ ಸುಟ್ಟು ಎಲ್ಲರೂ ಕಾಲು ಒಪ್ಪಸ್ತೀವಿ." ಗೊಲ್ಲಾಳಮ್ಮ ಹೂಂ ಎಂದಳು. ತಾನು ಸೋಸದೆ ಕುಡಿದದ್ದನ್ನು ಹೇಳಲಿಲ್ಲ. ಲಾಲಮ್ಮನ ಗಡಿಗೆಯ ಮಾತು ಎತ್ತಿದರೆ ಊರು ಲಾಲಮ್ಮನ ಮೇಲೆ ಬೀಳುತ್ತದೆ ಎಂದು ಆಗ ಅನಿಸಿತಂತೆ. "ಅದು ಅರ್ಧಾ ಖರೇ" ಎಂದಳು ನನಗೆ. "ಉಳದರ್ಧ, ನನ್ನ ನೇಮ ಮುರೀತಂತ ಹೇಳಾಕ ನಾಚಿಕಿ."

ಹೀಗೆ ಶುರುವಾಯಿತು. ನಸುಕಿಗೇ ಲಿಂಗಪೂಜೆ ಮುಗಿಸಿ ಬಾವಿಯ ಮೇಲಿನ ಮೆಟ್ಟಿಲಿಗೆ ಕೂರುತ್ತಿದ್ದಳು. ಮೊದಲ ವಾರ ಅರಿವೆಯ ಮೇಲೇ ಜಗಳ. "ಲಾಲಿ ಗಡಿಗಿ ಮ್ಯಾಲ ಹಿಡದ ಅರಿವಿ ನನ್ನ ಕೊಡದ ಮ್ಯಾಲ ಹಿಡೀತಿಯೇನ?" ಎಂದು ಹಂಪಣ್ಣನ ಹೆಂಡತಿ ದೇವಕಮ್ಮ ಕೊಡ ಸರಿಸಿದಳು. ಗೊಲ್ಲಾಳಮ್ಮ, "ಹೋದ ವರ್ಷ ನಿನ್ನ ಮೊಣಕಾಲಾಗಿನ ನಾರು ಯಾರ ಕಾಲಿಂದ ಬಂತಂತ ಕೇಳಿದ್ದೇನ ಯಕ್ಕಾ? ಆವಾಗ ಜಾತಿ ಕೇಳಿದ್ರ ಇವತ್ತು ಕೇಳು" ಎಂದಳು. ದೇವಕಮ್ಮ ಬೈಯುತ್ತಲೇ ಕೊಡ ಮುಂದಿಟ್ಟಳು.

ಕಾಲು ಇಳಿಯುವುದು ನಿಂತಿತು. ಆದರೆ ಮಂಗಳವಾರಗಳು ಹೋಗಲಿಲ್ಲ. ಯಾರೂ ಇಳಿಯದ ಮಂಗಳವಾರಗಳಲ್ಲೂ ನಸುಕಿನಲ್ಲಿ ನೀರಿನಂಚಿನ ಮೆಟ್ಟಿಲುಗಳು ಸಾಲಾಗಿ ಒದ್ದೆಯಾಗಿರುತ್ತಿದ್ದವು, ಒಬ್ಬೊಬ್ಬರು ನಿಲ್ಲುವಷ್ಟು ಜಾಗ, ನಡುವೆ ಒಣ. ಗೊಲ್ಲಾಳಮ್ಮ ಅದನ್ನು ಕಂಡು ಯಾರಿಗೂ ಹೇಳದೆ ಸೆರಗಿನಿಂದ ಒರೆಸಿಬಿಡುತ್ತಿದ್ದಳು. ಮೈಯಲ್ಲಿ ಎಲ್ಲಿ ತುರಿಸಿದರೂ ಕೈ ತಡೆದು ನಿಲ್ಲುತ್ತಿತ್ತು. ಊಟ ಮಾಡುವಾಗ ತನ್ನ ಜೊತೆ ಇನ್ನೊಂದು ಜೀವ ಉಣ್ಣುತ್ತಿದೆಯೇನೋ ಎನಿಸುತ್ತಿತ್ತು. ಬಸುರಿನಲ್ಲೂ ಹಾಗೇ ಅನಿಸಿತ್ತು, ಆದರೆ ಆಗ ಹೆದರಿಕೆ ಇರಲಿಲ್ಲ ಎಂದಳು.

ಮುಂದಿನ ಯುಗಾದಿ ಬಂತು. ಊರಿನಲ್ಲಿ ಒಬ್ಬರಿಗೂ ನಾರಿಲ್ಲ. ಬೇವುಬೆಲ್ಲ ಹಂಚುವಾಗ ದೇವಕಮ್ಮನೇ ಗೊಲ್ಲಾಳಮ್ಮನ ಕೈಗೆ ಮೊದಲು ಕೊಟ್ಟಳು.

ಎಂಟನೆಯ ದಿನ ಗೊಲ್ಲಾಳಮ್ಮನ ಬಲ ಹಿಮ್ಮಡಿಯ ಮೇಲೆ ಬೊಬ್ಬೆ ಎದ್ದಿತು.

ಮಗನಿಗೂ ಹೇಳಲಿಲ್ಲ. ಸೀರೆಯ ನೆರಿಗೆ ಇಳಿಬಿಟ್ಟು ಎರಡು ದಿನ ಬಾವಿಗೆ ಹೋಗಿ ಬಂದಳು. ಮೂರನೆಯ ದಿನ ಮಂಗಳವಾರ. ಉರಿ ತೊಡೆಯವರೆಗೆ ಏರಿತ್ತು. ಎಲ್ಲರಿಗಿಂತ ಮೊದಲು ಬಂದಳು. ಕಾಲು ತಾನಾಗಿಯೇ ಮೆಟ್ಟಿಲು ಇಳಿಯಿತು ಎನ್ನುತ್ತಿದ್ದಳು. ಹತ್ತು, ಹನ್ನೊಂದು, ಹನ್ನೆರಡು. ನೀರು ಆ ದಿನ ಇನ್ನೊಂದು ಮೆಟ್ಟಿಲು ಮೇಲಿತ್ತು. ಗಾಳಿ ಇಲ್ಲದಿದ್ದರೂ ಅಂಚು ಕಲ್ಲನ್ನು ನೆಕ್ಕುವ ಹಾಗೆ ಅಲುಗುತ್ತಿತ್ತು. ಕೆಳಗೆ ಬಾವೆಮ್ಮನ ಕಣ್ಣು ಆಕೆಯ ಕಾಲನ್ನೇ ನೋಡುತ್ತಿದ್ದವು. ಒಂದು ಬೆರಳು ತಾಗಿಸಿದರೆ ಸಾಕು, ಉರಿ ಹೋಗುತ್ತದೆ. ಯಾರು ನೋಡುತ್ತಾರೆ?

"ಬಾ" ಎಂದು ಕೇಳಿಸಿತು.

"ಅದು ನನ್ನ ದನೀನ ಇತ್ತು" ಎಂದಳು ನನಗೆ. "ನಾ ಬಾಯಿ ತಗದಿರಲಿಲ್ಲ."

ಕಾಲು ನೀರಿನ ಮೇಲೆ ಬಂದಿತ್ತು. ಅಷ್ಟರಲ್ಲಿ ಮೇಲಿನ ಚಪ್ಪಡಿಯ ಮೇಲೆ ಮಣ್ಣಿನ ಗಡಿಗೆ ಇಟ್ಟ ಸದ್ದಾಯಿತು. "ಅವ್ವಾರ, ಇದ್ದೀರೇನ್ರಿ? ಜರಾ ನೀರು ಹಾಕ್ತೀರೇನ್ರಿ?" ಲಾಲಮ್ಮನ ದನಿ.

ಗೊಲ್ಲಾಳಮ್ಮ ಕಾಲು ಹಿಂದಕ್ಕೆಳೆದುಕೊಂಡಳು. ಗೋಡೆ ಹಿಡಿದು, ಕೂತು ಕೂತು ಮೆಟ್ಟಿಲು ಹತ್ತಿದಳು. ಮೇಲೆ ಬಂದು ನೆರಿಗೆ ಎತ್ತಿ ತೋರಿಸಿದಳು. ಲಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಇಬ್ಬರಿಗೂ ಆ ಕಳೆ ಹೊಲದ ಮಧ್ಯಾಹ್ನ ನೆನಪಾಯಿತು.

"ಲಾಲಮ್ಮಾ, ನಿಮ್ಮ ಕೇರ್‍ಯಾಗ ನಾರು ಎದ್ದಾಗ ಕಾಲು ಎಲ್ಲಿ ಒಪ್ಪಸ್ತಿದ್ರಿ?"

"ನಮ್ಮನ್ನ ಯಾರು ಬಾವ್ಯಾಗ ಇಳಸ್ತಿದ್ರು ಅವ್ವಾರ? ಗಡಿಗ್ಯಾಗ ನೀರು ಹಾಕ್ಕೊಂಡು ತಿಪ್ಪಿ ಮ್ಯಾಲ ಕುಂತು ಕಾಲು ಇಡ್ತಿದ್ವಿ. ಆಮ್ಯಾಲ ಅಲ್ಲೇ ಬಿಸಿಲಿಗಿ ಚೆಲ್ಲತಿದ್ವಿ. ಅವ್ವ ಅಲ್ಲಿಗಿ ಬರ್ತಿದ್ಲೋ ಇಲ್ಲೋ ಯಾರಿಗೆ ಗೊತ್ತು, ಉರಿ ಅಂತೂ ಇಳೀತಿತ್ತು."

ಲಾಲಮ್ಮ ಕಾಯುವ ಆ ಚಪ್ಪಡಿಯ ಮೇಲೆ ಗೊಲ್ಲಾಳಮ್ಮ ಹೋಗಿ ಕೂತಳು. "ನಿನ್ನ ಗಡಿಗಿ ಕೊಡು. ಹೊಸಾದು ನಾ ತಂದು ಕೊಡ್ತೀನಿ."

ಅಷ್ಟರಲ್ಲಿ ಕೊಡ ಹೊತ್ತು ಬಂದ ಭೀಮಾಬಾಯಿ ಬಾವಿಗಿಳಿದು ಗಡಿಗೆಗೆ ನೀರು ತಂದು ಹಾಕಿದಳು. ಆಮೇಲೆ ಉಳಿದ ಕೊಡಗಳು ಬಂದವು, ದೇವಕಮ್ಮ ಬಂದಳು, ಅವಳ ಹಿಂದೆ ಕೋಲೂರಿಕೊಂಡು ಹಂಪಣ್ಣ ಬಂದ. ಗೊಲ್ಲಾಳಮ್ಮನ ಕಾಲು ಲಾಲಮ್ಮನ ಗಡಿಗೆಯೊಳಗೆ ಇರುವುದನ್ನು ಎಲ್ಲರೂ ನೋಡಿದರು. ಗಡಿಗೆಯ ನೀರು ಬೆಳ್ಳಗಾಗುತ್ತಿತ್ತು.

"ಎದ್ದಿತಲ್ಲ!" ಎಂದ ಹಂಪಣ್ಣ. "ಅವ್ವನ ದಾರಿಗಿ ಅಡ್ಡ ಕುಂತಾಕಿಗೇ ಮೊದಲು ಎದ್ದಿತು. ಅರಿವಿ ಸುಡ್ರಿ."

"ಸುಡ್ರಿ, ಮಾತು ಕೊಟ್ಟೀನಿ" ಎಂದಳು ಗೊಲ್ಲಾಳಮ್ಮ. "ಸುಡೂಕಿನ ಮೊದಲು ಕೇಳ್ರಿ. ಅರಿವಿ ಹಿಡಿಯೂಕಿನ ಮೊದಲು, ಆಚಿ ವರ್ಷದ ಫಾಲ್ಗುಣದಾಗ, ನಾ ಸೋಸದ ನೀರು ಕುಡದೀನಿ. ಹೊಲದಾಗ, ಈಕಿ ಕೈಯಿಂದ. ನೀರು ಈಕೀದಲ್ಲ, ನಮ್ಮ ಬಾವೀದು, ನಾವೇ ಹಾಕಿ ಕೊಟ್ಟದ್ದು. ಇಡೀ ಹುಟ್ಟಿನಾಗ ಒಂದೇ ಸಲ. ಅದೇ ಇದು. ಅರಿವ್ಯಾಗ ಸೋಸಿದ್ದು ಯಾರಿಗಾರ ಎದ್ದದೇನು? ಕಾಲು ತೋರಸ್ರಿ."

ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಕಾಲು ನೋಡಿಕೊಂಡರು. ಭೀಮಾಬಾಯಿ ಮುಂದೆ ಬಂದು ಅತ್ತೆಯ ಪಕ್ಕ ನಿಂತು ನೆರಿಗೆ ಎತ್ತಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು.

"ನೀನೂ ತೋರಸು" ಎಂದಳು ದೇವಕಮ್ಮ ಗಂಡನಿಗೆ. ಹಂಪಣ್ಣ ಸಿಟ್ಟಿನಿಂದ ಕೋಲು ಕುಟ್ಟಿದ. ಅವಳು ಬಾಗಿ ಧೋತರ ಸರಿಸಿಯೇಬಿಟ್ಟಳು. ಎಡ ಮೀನಖಂಡದ ಮೇಲೆ ಒಡೆಯದ ಬೊಬ್ಬೆ.

"ಮನ್ಯಾಗ ಸೋಸಿದ ನೀರು ಮುಟ್ಟಲಾರದವ, ಪೂಜಿಗಿ ಇಳದಾಗ ಬಾವೀ ಹಸೀ ನೀರೇ ಕುಡೀತಾನ" ಎಂದು ಅವಳು ಊರಿಗೆಲ್ಲ ಕೇಳುವಂತೆ ಹೇಳಿದಳು. "ಲಾಲಿ ಮುಟ್ಟಿದ ಅರಿವಿ ಅಂತ! ಈಗ ಅವ್ವಗ ನೀನೇ ಹೋಗಿ ಹೇಳು."

ಹಂಪಣ್ಣ ಬಾವಿಯ ಕಡೆ ನೋಡಿದ. ಬೊಬ್ಬೆಯ ಉರಿ ಅವನ ಮುಖದಲ್ಲೇ ಕಾಣುತ್ತಿತ್ತು. ಇಳಿಯುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಗೊಲ್ಲಾಳಮ್ಮ ಚಪ್ಪಡಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. "ಗಡಿಗ್ಯಾಗ ಬಾವೆಮ್ಮನ ನೀರೇ ಅದ ಹಂಪಣ್ಣ. ಇಷ್ಟು ದಿನ ನಾವು ಆಕಿ ಹಂತೇಕ ಹೋದ್ವಿ. ಈಗ ಆಕಿ ಮ್ಯಾಲ ಬಂದಾಳ ಅಂತ ನೀನೇ ಅಂದಿ. ಇಲ್ಲೀತನಕ ಬರಲಾರಳೇನು?"

ಅವನು ಕೋಲೂರಿ ಕೂತ. "ಹಿತ್ತಾಳಿ ಹಂಡೆ ತರ್ಸು" ಎಂದ ಹೆಂಡತಿಗೆ, ಲಾಲಮ್ಮನ ಗಡಿಗೆಯ ಕಡೆ ನೋಡದೆ.

ಇಬ್ಬರೂ ಇಪ್ಪತ್ತಾರು ದಿನ ಆ ಚಪ್ಪಡಿಯ ಮೇಲೆ ಎದುರುಬದುರು ಕೂತು ಕಡ್ಡಿಗೆ ನಾರು ಸುತ್ತಿದರು. ಸಾಬಣ್ಣ ಬಂದು ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದ. ಗಡಿಗೆಯ ನೀರನ್ನು ಬಾವಿಯಿಂದ ದೂರ, ಕಾದ ಕಲ್ಲಿನ ಮೇಲೆ ಲಾಲಮ್ಮ ಚೆಲ್ಲುತ್ತಿದ್ದಳು. ಅರಿವೆ ಸುಡಲಿಲ್ಲ. ಆ ವರ್ಷ ಅವರಿಬ್ಬರನ್ನು ಬಿಟ್ಟರೆ ಯಾರಿಗೂ ಏಳಲಿಲ್ಲ. ಅದರ ಮುಂದಿನ ವರ್ಷ ಒಬ್ಬರಿಗೂ ಇಲ್ಲ.

ಮೂರನೆಯ ಬೇಸಿಗೆಯಲ್ಲಿ ದುರಸ್ತಿಗೆಂದು ಕಾಲುವೆಯ ನೀರು ನಿಲ್ಲಿಸಿದರು. ಬಾವಿಯ ನೀರು ಇಳಿದು ಬಾವೆಮ್ಮ ಹೊರಗೆ ಕಂಡಳು. ಪೂಜೆಗೆ ಇಳಿದ ಹಂಪಣ್ಣ ಏದುಸಿರು ಬಿಡುತ್ತ ಮೇಲೆ ಬಂದು ಗೊಲ್ಲಾಳಮ್ಮನನ್ನು ಕರೆದ. ಕಲ್ಲಿನ ಸಂದಿಯಿಂದ ಇಳಿದ ಬಿಳಿ ಬೇರೊಂದು ಬಾವೆಮ್ಮನ ಬಲಪಾದಕ್ಕೆ ಸುತ್ತಿಕೊಂಡಿತ್ತು, ನೂಲಿನಷ್ಟೇ ತೆಳು, ತುದಿ ಕೆಳಗೆ ಜೋತಾಡುತ್ತಿತ್ತು. ಹಂಪಣ್ಣ ಕಿತ್ತು ಬಿಸಾಡಲು ಕೈ ಹಾಕಿದ. "ಎಳೀಬ್ಯಾಡೋ, ಹರೀತದ" ಎಂದು ಗೊಲ್ಲಾಳಮ್ಮ ತಡೆದಳು. ಕಡ್ಡಿ ತಂದು ತುದಿಯನ್ನು ಸುತ್ತಿದಳು. ದಿನಕ್ಕೆ ಎರಡು ಬೆರಳಷ್ಟು. ಹನ್ನೊಂದನೆಯ ದಿನ ಪೂರ್ತಿ ಬಿಡಿಸಿಕೊಂಡು ಬಂತು. ಕಲ್ಲಿನ ಮೇಲೆ ಬೇರು ಇದ್ದ ಕಡೆ ಬಿಳಿ ಗೆರೆ ಉಳಿದಿತ್ತು. ಅದಕ್ಕೆ ಎಣ್ಣೆ ಹಚ್ಚಿದಳು.

ಎಷ್ಟೋ ವರ್ಷಗಳ ಮೇಲೆ, ಊರಿಗೆ ನಳ ಬಂದು ಬಾವಿಯ ಹಾದಿಯಲ್ಲಿ ಹುಲ್ಲು ಬೆಳೆದ ಕಾಲಕ್ಕೆ, ತಲೆ ನೆರೆತ ಸಾಬಣ್ಣ ಮನೆಗೆ ಬಂದ. ಈ ದೇಶದಲ್ಲೇ ನಾರುಹುಣ್ಣು ಇಲ್ಲ ಎಂದು ದುನಿಯಾದವರು ಒಪ್ಪಿದ್ದಾರೆಂದು ಹೇಳಿ ಸಕ್ಕರೆ ಕೊಟ್ಟ. ಗೊಲ್ಲಾಳಮ್ಮ ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ ಕೇಳಿದಳು, "ಆಫ್ರಿಕಾದಾಗ?"

"ಅಲ್ಲಿ ಇನ್ನೂ ಅದ ಅವ್ವಾರ."

ಆಕೆ ಎದ್ದು ಒಳಗೆ ಹೋಗಿ ಒಂದು ಗಂಟು ತಂದಳು. ಹಳೆಯ ಧೋತರ, ಹಳೆಯ ಸೀರೆ ಹರಿದು, ಎರಡು ಪದರ ಮಡಿಸಿ, ನಾಲ್ಕೂ ಅಂಚು ಹೊಲಿದ ಅರಿವೆಗಳು. ಅರವತ್ತೋ ಎಪ್ಪತ್ತೋ ಇದ್ದವು. ಅರ್ಧ ಲಾಲಮ್ಮ ಹೊಲಿದದ್ದು.

"ಇವನ್ನ ಅಲ್ಲಿಗಿ ಮುಟ್ಟಸು."

"ಎಲ್ಲೀಗಂತ ಮುಟ್ಟಸಲಿ ಅವ್ವಾರ, ಯಾರಿಗಂತ ಕೊಡಲಿ?" ಸಾಬಣ್ಣ ನಗುತ್ತಲೇ ಕೇಳಿದ.

"ಬಾವಿ ಬಾಯಾಗ ಕುಂತಾಕಿಗಿ ಕೊಡು" ಎಂದಳು ಗೊಲ್ಲಾಳಮ್ಮ. "ಕೆಳಗ ಒಬ್ಬಾಕಿ ಬಾ ಅಂತ ಕರೀತಿರ್ತಾಳ ನೋಡು, ಅಲ್ಲೂ. ಮ್ಯಾಲ ಒಬ್ಬಾಕಿ ಕುಂತಿರಲೇಬೇಕು."

ಸಾಬಣ್ಣ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದ.