ಒಂದೇ ವಿಳಾಸದ ಎರಡು ಯಂತ್ರ

ಗಾಂಗ್‌ಶಾನ್ ಊರಿನ ಆ ಸ್ಕ್ರೂ ಕಾರ್ಖಾನೆಯಲ್ಲಿ ತ್ಸೈಯುನ್‌ಳದು ಮೂವತ್ತೊಂದು ವರ್ಷದ ದುಡಿಮೆ. ಪ್ಯಾಕಿಂಗ್ ಕೆಲಸಕ್ಕೆ ಬಂದವಳು, ನೋಡಿ ಕಲಿತು ಕಂಪ್ಯೂಟರ್ ಕೋಣೆಗೇ ಒಡತಿಯಾದಳು. ಕುಲುಮೆಯ ಶಾಖ ನೋಡಿಕೊಳ್ಳುವ ಪ್ರೋಗ್ರಾಂ ತೀರ ಹಳೆಯದು, ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಅದಕ್ಕೆಂದೇ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೇ ಒಂದು ಹಳೇ ಕಂಪ್ಯೂಟರ್, ಕೂರಿಸಿದವಳೂ ಅವಳೇ. ಹೋದ ತಿಂಗಳು ಹೋಂಗ್ ಧಣಿ, "ಇನ್ನು ಮನೇಲಿ ಆರಾಮಾಗಿರಬಾರ್ದೇನಮ್ಮ?" ಎಂದಾಗ, "ಮನೇಲಿ ಏನಿದೆ, ಗೋಡೆ!" ಎಂದು ಉರಿದುಬಿದ್ದಿದ್ದಳು. ಅಂದಿನಿಂದ ಒಂದು ತಪ್ಪಿಗೂ ಆಸ್ಪದ ಕೊಡದೆ ದುಡಿಯುತ್ತಿದ್ದಳು.

ಅಂದು ಚಾಂದ್ರಮಾಸದ ಹದಿನಾರು, ವ್ಯಾಪಾರ ಮಾಡುವವರು ಭೂದೇವರಿಗೆ ನೈವೇದ್ಯ ಇಡುವ ದಿನ. ಬಾಗಿಲ ಮುಂದೆ ಭೂದೇವರ ಮೇಜು, ಹಣ್ಣು, ಬಿಸ್ಕತ್ತು, ಊದುಬತ್ತಿ. ಬೆಳಿಗ್ಗೆ ಒಂಬತ್ತೂ ಹತ್ತು ದಾಟಿದ್ದೇ ತಡ, ಕುಲುಮೆಯ ಅಂಕಿಗಳು ತೆರೆಯ ಮೇಲೆ ಬರುವುದು, ಮಾಯವಾಗುವುದು ಶುರುವಾಯಿತು. ಒಳಗೆ ಎರಡು ಟನ್ ಸ್ಕ್ರೂ ಕಾಯುತ್ತಿತ್ತು.

ಧಣಿಯ ಅಣ್ಣನ ಮಗ ಯಾನ್‌ಟಿಂಗ್ ಇಣುಕಿದ. "ಅಕ್ಕಾ, ಪೊಟ್ಟಣದ ತಾರೀಖು ಮುಗಿದಿದೆಯೇನೋ ನೋಡಿ."

ಪ್ರತಿ ಯಂತ್ರದ ನೆತ್ತಿಯ ಮೇಲೂ ತೆಂಗಿನಕಾಯಿ ಪರಿಮಳದ ಕುರುಕಲಿನ ಹಸಿರು ಪೊಟ್ಟಣ ಇರುತ್ತದೆ; ಆ ತಿಂಡಿಯ ಹೆಸರಿನ ಅರ್ಥವೇ ‘ಜಾಣಮರಿ’, ಯಂತ್ರವೂ ಹಾಗೇ ನಡೆದುಕೊಳ್ಳಲಿ ಎಂದು. ಅವಧಿ ಮುಗಿಯಬಾರದು, ಯಾರೂ ತಿನ್ನಬಾರದು. ಕೆಟ್ಟದ್ದಕ್ಕೆಲ್ಲ ಪೊಟ್ಟಣದ ಮೇಲೆ ತಪ್ಪು ಹೊರಿಸಿದರೆ ಮನುಷ್ಯರು ಬಚಾವು!

"ಇನ್ನೂ ಎಂಟು ತಿಂಗಳಿದೆ ಕಣೋ. ಅವಧಿ ಮುಗಿದಿರೋದು ನಿನ್ನ ತಲೇದು."

ಕೇಬಲ್ ಬದಲಿಸಿದಳು. ವರ್ಚುವಲ್ ಮಷೀನಿನ ನೆಟ್‌ವರ್ಕ್ ಸೆಟ್ಟಿಂಗನ್ನು ಸಾಲು ಸಾಲಾಗಿ ತನ್ನ ಹಳೇ ನೋಟ್‌ಬುಕ್ಕಿನೊಂದಿಗೆ ತಾಳೆ ನೋಡಿದಳು. ಎಲ್ಲ ಸರಿ. ಆದರೂ ಹತ್ತು ಸಲ ಕೂಗಿದರೆ ಕುಲುಮೆ ಓಗೊಡುವುದು ಮೂರೇ ಸಲ. ಕೊನೆಗೆ ವರ್ಚುವಲ್ ಮಷೀನನ್ನೇ ಪೂರ್ತಿ ಮುಚ್ಚಿ, ಪಕ್ಕದ ಕಂಪ್ಯೂಟರಿನಿಂದ ಅದರ ವಿಳಾಸಕ್ಕೆ ಕರೆ ಕಳಿಸಿದಳು. ಉತ್ತರ ಬರಬಾರದು.

ಬಂತು. ಹತ್ತಕ್ಕೆ ಹತ್ತು ಸಲ.

"ಯಾವನೋ ಇದರ ಹೆಸರಲ್ಲಿ ಓ ಅಂತಿದಾನೆ!" ಎನ್ನುತ್ತ ತ್ಸೈಯುನ್ ಎದ್ದಳು. ಯಾನ್‌ಟಿಂಗ್‌ನ ಮುಖ ಬಿಳಿಚಿತು. ಅವನ ಕಣ್ಣು ಹೋದ ಕಡೆಗೇ ನಡೆದಳು.

ಉಗ್ರಾಣದ ಹಿಂದೆ ಹೊಸ ಯಂತ್ರ ಗುಂಯ್‌ಗುಡುತ್ತಿತ್ತು. ಕೆಂಪು ರಿಬ್ಬನ್, ಹೊಸ ಹಸಿರು ಪೊಟ್ಟಣ. ತೆರೆಯ ಮೇಲೆ ಅವಳದೇ ಪ್ರೋಗ್ರಾಂ, ಅವಳದೇ ಟಿಪ್ಪಣಿಗಳು.

"ಭಾನುವಾರ ನಕಲು ಮಾಡ್ದೆ ಅಕ್ಕ. ಇವತ್ತು ಒಂಬತ್ತೂ ಹತ್ತಕ್ಕೆ ಮುಹೂರ್ತ ಇತ್ತು, ಆ ಗಳಿಗೇಲಿ ತಾನೇ ಶುರುವಾಗೋ ಹಾಗೆ ಇಟ್ಟಿದ್ದೆ. ನಿಮಗೆ ಹೇಳ್ಬೇಡ ಅಂದ್ರು ಚಿಕ್ಕಪ್ಪ."

"ವಿಳಾಸಾನೂ ಬದಲಾಯಿಸ್ಲಿಲ್ವಾ? ಒಂದೇ ಮನೆ ನಂಬರು ಎರಡು ಮನೇಗೆ ಅಂಟಿಸಿದ್ರೆ ಕಾಗದ ಯಾರಿಗೆ ಹೋಗ್ಬೇಕೋ, ಮುಠ್ಠಾಳ! ಕಳ್ಳತನಾನಾದ್ರೂ ನೆಟ್ಟಗೆ ಮಾಡ್ಬಾರ್ದಾ?"

ಕೂಗಾಟ ಕೇಳಿ ಧಣಿಯೂ ಬಂದ. ತ್ಸೈಯುನ್ ಅವನನ್ನೇ ದಿಟ್ಟಿಸಿ ಕೇಳಿದಳು. "ಎರಡರಲ್ಲಿ ಒಂದು ನಿಲ್ಬೇಕು ಧಣಿ. ಯಾವುದನ್ನ ನಿಲ್ಲಿಸ್ಲಿ, ನೀವೇ ಹೇಳಿ."

ಧಣಿ ರಿಬ್ಬನ್ನನ್ನು ನೋಡಿದ, ನೆಲ ನೋಡಿದ. "ಶುಭ ಗಳಿಗೇಲಿ ಶುರುವಾಗಿದ್ದನ್ನ ನಿಲ್ಲಿಸಬಾರ್ದು ಕಣಮ್ಮ."

ಅವಳು ತನ್ನ ಕೋಣೆಗೆ ಹೋದಳು. ಮುಚ್ಚಿದ್ದನ್ನು ಮತ್ತೆ ತೆರೆಯಲಿಲ್ಲ. ಕಂಪ್ಯೂಟರಿನ ಮೇಲಿನ ಪೊಟ್ಟಣ ಎತ್ತಿಕೊಂಡು ಹೊರಬಂದು, ಇಬ್ಬರ ಎದುರೇ ಪರ‍್ರನೆ ಹರಿದು ಬಾಯಿಗೆ ಹಾಕಿಕೊಂಡಳು.

"ಅಯ್ಯೋ ಅಕ್ಕಾ, ಅದನ್ನ ತಿನ್ಬಾರ್ದು!"

"ಯಾಕೋ? ಇನ್ನು ಇದು ಯಾವುದನ್ನ ಕಾಯ್ಬೇಕು?" ಎಂದು ಪೊಟ್ಟಣವನ್ನು ಧಣಿಯ ಮೂಗಿನ ಕೆಳಗೆ ಹಿಡಿದಳು. "ತಗೊಳ್ಳಿ. ಮೂವತ್ತೊಂದು ವರ್ಷದ ಪ್ರಸಾದ."

ಧಣಿಯ ಕೈ ಏಳಲಿಲ್ಲ.